ಮೊಲಕ್ಕೂ ಮೂರೇ ಕಾಲು, ಟ್ರೈಪಾಡಿಗೂ ಮೂರೇ ಕಾಲು

ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕಿಕೊಳ್ಳುವವರ ಮಾತು ನಮಗೆಲ್ಲ ಗೊತ್ತು. ಆನ್‌ಲೈನ್‌ನಲ್ಲಿ ಸಿಗುವ ಸಂಪ್ರದಾಯವಾದಿ ಹವ್ಯಾಸಿ ಅದಕ್ಕಿಂತ ಒಂದು ಕೈ ಮೇಲು. ತಾನೇ ಮೊನ್ನೆ ತಂದು ನೆಟ್ಟ ಗಿಡವನ್ನು ತೋರಿಸಿ, ಇದು ಅಪ್ಪ ನೆಟ್ಟ ಆಲದ ಮರ, ಇದರ ಒಂದು ಎಲೆ ಉದುರಿದರೂ ನಾಗರಿಕತೆ ಮುಳುಗುತ್ತದೆ ಅನ್ನುತ್ತಾನೆ. ಗಿಡ ಕೊಂಡ ರಸೀದಿ ಇನ್ನೂ ಅವನ ಜೇಬಿನಲ್ಲೇ ಇರುತ್ತದೆ.

ಹೆಸರು ಹೇಳುವ ಅಗತ್ಯವಿಲ್ಲ. ಇಂಥವರು ಎಲ್ಲ ದೇಶದಲ್ಲೂ ಇದ್ದಾರೆ. ಸುಮ್ನೆ ‘ಮಹಾಶಯರು’ ಅನ್ನೋಣ. ಮಹಾಶಯರು ಬರೆಯುವುದು ಮೂರೇ ವಿಷಯ: ರಾಜಕೀಯ, ಬ್ಲಾಗು, ಡಿಜಿಟಲ್ ಕ್ಯಾಮೆರಾ. ಮೂರಕ್ಕೂ ಒಂದೇ ದನಿ. ಲೆನ್ಸಿನ ಅಂಚು ಮಸುಕು ಅಂತ ಶುರುವಾದ ಬರಹ ಮೂರನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ದೇಶದ ಭವಿಷ್ಯ ಮಸುಕು ಅನ್ನುವಲ್ಲಿಗೆ ಮುಟ್ಟಿರುತ್ತದೆ. ಚುನಾವಣೆ ಬಗ್ಗೆ ಶುರುವಾದದ್ದು ಬ್ಯಾಟರಿ ಬೇಗ ಖಾಲಿಯಾಗುತ್ತದೆ ಅನ್ನುವ ದೂರಿನಲ್ಲಿ ಮುಗಿಯುತ್ತದೆ. ಅವರು ಬೈಯುತ್ತಿರುವುದು ಸರ್ಕಾರವನ್ನೋ ಚಾರ್ಜರನ್ನೋ ಅಂತ ಓದುವವರಿಗೆ ತಿಳಿಯುವುದಿಲ್ಲ. ಬರೆದವರಿಗಾದರೂ ಗೊತ್ತಿತ್ತಾ ಅನ್ನುವುದು ನನ್ನ ಅನುಮಾನ.

ಸಂಪ್ರದಾಯವಾದಿ ಆಗಿರುವುದು ತಪ್ಪಲ್ಲ ಬಿಡಿ. ಇರುವುದನ್ನು ಕೆಡವುವ ಮೊದಲು ಅದನ್ನು ಯಾಕೆ ಕಟ್ಟಿದರು ಅಂತ ಕೇಳುವುದು ಒಳ್ಳೆಯ ಗುಣವೇ. ಆದರೆ ಮಹಾಶಯರ ಸಂಪ್ರದಾಯಕ್ಕೆ ಒಂದು ವಿಚಿತ್ರ ಗಡಿ ಇದೆ. ಅವರು ಕ್ಯಾಮೆರಾ ಕೊಂಡ ದಿನದ ತನಕ ಆದದ್ದೆಲ್ಲ ಪ್ರಗತಿ. ಮಾರನೇ ದಿನದಿಂದ ಆದದ್ದೆಲ್ಲ ಅಧಃಪತನ.

1975ರಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಒಂದು ಡಿಜಿಟಲ್ ಕ್ಯಾಮೆರಾ ಜೋಡಿಸಿದರು. ತೂಕ ಸುಮಾರು ಮೂರೂವರೆ ಕಿಲೋ. ಚಿತ್ರ ಕಪ್ಪು ಬಿಳುಪು, 0.01 ಮೆಗಾಪಿಕ್ಸೆಲ್. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡ್ ಬೇಕಾಗಿತ್ತು. ಕಂಪನಿಯ ದೊಡ್ಡವರು ನೋಡಿದರು, ತಮ್ಮ ಫೋಟೋವನ್ನು ಟಿವಿಯಲ್ಲಿ ಯಾರಾದರೂ ಯಾಕೆ ನೋಡುತ್ತಾರೆ ಅಂತ ಕೇಳಿದರು, ಪಕ್ಕಕ್ಕಿಟ್ಟರು. ಫಿಲ್ಮ್ ಮಾರಿ ಬದುಕುವವರು ಇನ್ನೇನು ಹೇಳುತ್ತಾರೆ? 2012ರ ಜನವರಿಯಲ್ಲಿ ಅದೇ ಕಂಪನಿ ದಿವಾಳಿ ಅರ್ಜಿ ಹಾಕಿತು. ಈ ಕಥೆ ಅಂದರೆ ಮಹಾಶಯರಿಗೆ ಭಾರೀ ಇಷ್ಟ. ‘ಕಾಲಕ್ಕೆ ತಕ್ಕಂತೆ ಬದಲಾಗದವರ ಗತಿ ನೋಡಿ’ ಅಂತ ಮತ್ತೆ ಮತ್ತೆ ಬರೆಯುತ್ತಾರೆ. ಮುಂದಿನ ಪ್ಯಾರಾದಲ್ಲೇ, ಕನ್ನಡಿ ಇಲ್ಲದ ಕ್ಯಾಮೆರಾ ಕ್ಯಾಮೆರಾವೇ ಅಲ್ಲ ಅನ್ನುತ್ತಾರೆ.

ಈ ಕನ್ನಡಿಯ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಯಾಕೆಂದರೆ ಮಹಾಶಯರ ಇಡೀ ತತ್ವಜ್ಞಾನ ನಿಂತಿರುವುದು ಇದರ ಮೇಲೆ. ಡಿಎಸ್‌ಎಲ್‌ಆರ್ ಅನ್ನುವ ಬಗೆಯ ಕ್ಯಾಮೆರಾದಲ್ಲಿ ಲೆನ್ಸಿನಿಂದ ಬಂದ ಬೆಳಕನ್ನು ಒಂದು ಕನ್ನಡಿ ಮೇಲಕ್ಕೆ ತಿರುಗಿಸಿ ಕಣ್ಣಿಗೆ ಮುಟ್ಟಿಸುತ್ತದೆ. ಗುಂಡಿ ಒತ್ತಿದಾಗ ಆ ಕನ್ನಡಿ ಟಪ್ ಅಂತ ಮೇಲೆದ್ದು, ಬೆಳಕನ್ನು ಚಿತ್ರವಾಗಿ ಹಿಡಿಯುವ ಸೆನ್ಸರಿಗೆ ದಾರಿ ಬಿಡುತ್ತದೆ. ಆ ಟಪ್ ಅನ್ನುವ ಸದ್ದು ಮಹಾಶಯರ ಪ್ರಾಣ. ಅದು ಕೇಳದಿದ್ದರೆ ಫೋಟೋ ತೆಗೆದ ಹಾಗೇ ಅಲ್ಲವಂತೆ. 2008ರಲ್ಲಿ ಪ್ಯಾನಾಸೋನಿಕ್ ಕಂಪನಿ ಕನ್ನಡಿ ತೆಗೆದುಹಾಕಿ ಜಿ1 ಅನ್ನುವ ಕ್ಯಾಮೆರಾ ತಂದಾಗ ‘ಆಟದ ಸಾಮಾನು’ ಅಂದರು. 2013ರಲ್ಲಿ ಸೋನಿ ದೊಡ್ಡ ಸೆನ್ಸರ್ ಹಾಕಿ ತಂದಾಗ ‘ಟಿವಿ ಮಾಡುವವರಿಗೆ ಕ್ಯಾಮೆರಾ ಏನು ಗೊತ್ತು’ ಅಂದರು. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಅದೇ ದಾರಿ ಹಿಡಿದಾಗ ಒಂದಿಷ್ಟು ದಿನ ಮೌನ. ಆಮೇಲೆ ‘ಒತ್ತಡಕ್ಕೆ ಮಣಿದರು’ ಅಂತ ಉದ್ದದ ಲೇಖನ. ಯಾರ ಒತ್ತಡ ಅಂತ ಬರೆದಿರಲಿಲ್ಲ. ಗೊತ್ತಿರುವವರಿಗೆ ಗೊತ್ತು ಅನ್ನುವ ಧಾಟಿ ಇತ್ತು.

ತಮಾಷೆ ಏನೆಂದರೆ, 1925ರಲ್ಲಿ ಮಾರುಕಟ್ಟೆಗೆ ಬಂದ ಓಸ್ಕರ್ ಬಾರ್ನಾಕ್‌ರ ಲೈಕಾದಲ್ಲಿ ಕನ್ನಡಿ ಇರಲಿಲ್ಲ. ಇಂದು ‘ಫುಲ್ ಫ್ರೇಮ್’ ಅಂತ ಮಹಾಶಯರು ಎದೆಯುಬ್ಬಿಸಿ ಹೇಳುವ 36 x 24 ಮಿಲಿಮೀಟರ್ ಅಳತೆ ಬೇರೂರಿದ್ದೇ ಆ ಲೈಕಾದಿಂದ. ದೊಡ್ಡ ಪ್ಲೇಟ್ ಕ್ಯಾಮೆರಾ ಹೊರುತ್ತಿದ್ದ ಅಂದಿನ ಮಹಾಶಯರ ಕಣ್ಣಿಗೆ ಅದು ಪುಟಾಣಿ ಕ್ಯಾಮೆರಾ. ಆಮೇಲೆ ಅದೇ ಅಳತೆಯ ಫಿಲ್ಮಿಗೆ ಕನ್ನಡಿ ಇರುವ ಎಸ್‌ಎಲ್‌ಆರ್‌ಗಳು ಬಂದವು. 1950ರ ದಶಕದ ನಡುವಿನ ತನಕ ಅವುಗಳಲ್ಲಿ ಹೆಚ್ಚಿನವುಗಳ ಕನ್ನಡಿ ಒಮ್ಮೆ ಮೇಲೆದ್ದರೆ ತಾನಾಗಿ ಕೆಳಗೆ ಬರುತ್ತಿರಲಿಲ್ಲ. ಫಿಲ್ಮ್ ಸುತ್ತುವ ತನಕ ಕಣ್ಣಿಗೆ ಬರೀ ಕತ್ತಲೆ. ಅಂದರೆ ಹಳೆಯದೇ ಸರಿ ಅನ್ನುವುದಾದರೆ ಕನ್ನಡಿ ಇಲ್ಲದ ಕ್ಯಾಮೆರಾವೇ ಹಳೆಯದು, ಕನ್ನಡಿಯೇ ನಡುವೆ ಬಂದ ಹೊಸ ಫ್ಯಾಶನ್ನು. ಇದನ್ನು ಯಾರಾದರೂ ಕಾಮೆಂಟಿನಲ್ಲಿ ಹೇಳಿದರೆ ಉತ್ತರ ಬರುವುದಿಲ್ಲ. ಕಾಮೆಂಟು ಮಾಯವಾಗುತ್ತದೆ.

ಕ್ಯಾನನ್ ಕಥೆ ಇನ್ನೂ ಚೆನ್ನಾಗಿದೆ. 1987ರಲ್ಲಿ ಆ ಕಂಪನಿ ತನ್ನ ಹಳೆಯ ಎಫ್‌ಡಿ ಮೌಂಟ್ (ಕ್ಯಾಮೆರಾಕ್ಕೆ ಲೆನ್ಸ್ ಕೂರಿಸುವ ಬಾಯಿ) ಕೈಬಿಟ್ಟು ಇಎಫ್ ಅನ್ನುವ ಹೊಸ ಮೌಂಟ್ ತಂದಿತು. ಹಳೆಯ ಲೆನ್ಸ್ ಹೊಸ ಕ್ಯಾಮೆರಾಕ್ಕೆ ಕೂರುವುದಿಲ್ಲ. ಅಂದಿನ ಹವ್ಯಾಸಿಗಳು ‘ಇದು ದ್ರೋಹ’ ಅಂದರು. ಹೊಟ್ಟೆ ಉರಿಯುವುದೂ ಸಹಜ, ಕಪಾಟು ತುಂಬ ಲೆನ್ಸ್ ಇಟ್ಟುಕೊಂಡವರು. ನಮ್ಮ ಮಹಾಶಯರು ಬಂದದ್ದು ಅದಾದ ಎಷ್ಟೋ ವರ್ಷದ ಮೇಲೆ. ಜನರ ಕೈಗೆಟುಕುವ ಆರು ಮೆಗಾಪಿಕ್ಸೆಲ್‌ನ ಡಿಎಸ್‌ಎಲ್‌ಆರ್ 2003ರಲ್ಲಿ ಬಂದಾಗ, ಅದೇ ‘ದ್ರೋಹದ’ ಮೌಂಟಿನ ಕ್ಯಾಮೆರಾ ಕೊಂಡರು. 2018ರಲ್ಲಿ ಕಂಪನಿ ಇನ್ನೊಮ್ಮೆ ಮೌಂಟ್ ಬದಲಿಸಿ ಆರ್‌ಎಫ್ ಅಂದಿತು. ಈ ಬಾರಿ ಅಡಾಪ್ಟರ್ ಹಾಕಿದರೆ ಹಳೆಯ ಲೆನ್ಸ್ ಕೂರುತ್ತದೆ, ಆಟೋಫೋಕಸ್ ಕೂಡ ನಡೆಯುತ್ತದೆ. ಆದರೂ ಮಹಾಶಯರ ತಲೆಬರಹ: ‘ಪರಂಪರೆಗೆ ದ್ರೋಹ’. ಒಂದು ದ್ರೋಹಕ್ಕೆ ಮೂವತ್ತು ವರ್ಷ ತುಂಬಿದರೆ ಅದು ಪರಂಪರೆ ಆಗುತ್ತದೆ ನೋಡಿ. ಅವರ ರಾಜಕೀಯ ಲೇಖನಗಳೂ ಇದೇ ಕ್ಯಾಲೆಂಡರಿನಲ್ಲಿ ಓಡುತ್ತವೆ. ಅವರು ದುಡಿಯಲು ಶುರು ಮಾಡಿದಾಗ ಇದ್ದ ಕಾನೂನುಗಳು ಸನಾತನ. ಅವಕ್ಕಾಗಿ ಯಾರು ಬೀದಿಗಿಳಿದರು, ಅಂದಿನ ಹಿರಿಯರು ಎಷ್ಟು ಬೈದರು ಅನ್ನುವುದು ಲೆಕ್ಕಕ್ಕಿಲ್ಲ.

ಮಹಾಶಯರಿಗೆ ಮುಕ್ತ ಮಾರುಕಟ್ಟೆ ಮೇಲೆ ಅಪಾರ ನಂಬಿಕೆ. ಸರ್ಕಾರ ಕೈ ಹಾಕಬಾರದು, ಜನ ತಮಗೆ ಬೇಕಾದ್ದನ್ನು ಕೊಳ್ಳಲಿ, ಬೇಡವಾದ್ದು ತಾನಾಗಿ ಸಾಯಲಿ. ಬಹಳ ಸರಿ. 2010ರಲ್ಲಿ ಕ್ಯಾಮೆರಾ ಕಂಪನಿಗಳು ಜಗತ್ತಿಗೆಲ್ಲ ಸೇರಿ 12 ಕೋಟಿಗೂ ಜಾಸ್ತಿ ಡಿಜಿಟಲ್ ಕ್ಯಾಮೆರಾ ಕಳಿಸಿದ್ದವು. 2023ಕ್ಕೆ ಆ ಸಂಖ್ಯೆ 80 ಲಕ್ಷದೊಳಗೆ ಬಂದಿತ್ತು. ಜನ ಫೋನು ಹಿಡಿದರು, ಕ್ಯಾಮೆರಾ ಬಿಟ್ಟರು. ಮಾರುಕಟ್ಟೆ ಅಂದರೆ ಇದೇ ಅಲ್ವಾ? ಅಲ್ಲವಂತೆ. ಇದು ಪೀಳಿಗೆಯ ಅಧಃಪತನವಂತೆ. ಜನಕ್ಕೆ ಗುಣಮಟ್ಟ ಗೊತ್ತಿಲ್ಲ, ಶಾಲೆಯಲ್ಲಿ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಹೇಳಿಕೊಡಬೇಕು, ಫೋನ್ ಕಂಪನಿಗಳಿಗೆ ಯಾರಾದರೂ ಲಗಾಮು ಹಾಕಬೇಕು. ಆ ‘ಯಾರಾದರೂ’ ಯಾರು ಅಂತ ಕೇಳಿದರೆ ಸರ್ಕಾರ ಅನ್ನಬೇಕಾಗುತ್ತದೆ. ಅದಕ್ಕೇ ಮಹಾಶಯರು ಆ ವಾಕ್ಯವನ್ನು ಅಲ್ಲಿಗೇ ನಿಲ್ಲಿಸಿ ಹಳೆಯ ಕಾಲದ ಸಿಸಿಡಿ ಸೆನ್ಸರಿನ ಬಣ್ಣಕ್ಕೆ ಹೋಗುತ್ತಾರೆ.

ಬಿಟ್ಟಿ ಕೊಟ್ಟರೆ ಜನ ಕೆಡುತ್ತಾರೆ ಅನ್ನುವುದು ಅವರ ಇನ್ನೊಂದು ನಂಬಿಕೆ. ಕಲ್ಯಾಣ ಯೋಜನೆಗಳ ಹೆಸರೆತ್ತಿದರೆ ಸಾಕು, ಕೀಬೋರ್ಡು ಬಿಸಿಯಾಗುತ್ತದೆ. ಅದೇ ವಾರ ಇನ್ನೊಂದು ಲೇಖನ: ವರ್ಷಗಳ ಹಿಂದೆ ಕೊಂಡ ಕ್ಯಾಮೆರಾಕ್ಕೆ ಕಂಪನಿ ಹೊಸ ಫರ್ಮ್‌ವೇರ್ (ಕ್ಯಾಮೆರಾ ನಡೆಸುವ ತಂತ್ರಾಂಶ) ಯಾಕೆ ಬಿಟ್ಟಿ ಕೊಡುತ್ತಿಲ್ಲ, ಗ್ರಾಹಕನಿಗೆ ಇಷ್ಟು ಅನ್ಯಾಯವೇ? ವೈಯಕ್ತಿಕ ಜವಾಬ್ದಾರಿ ಬಗ್ಗೆಯೂ ಹಾಗೆಯೇ. ಬಡವ ಬಡವನಾಗಿರುವುದಕ್ಕೆ ಅವನೇ ಕಾರಣ. ಮಹಾಶಯರ ಫೋಟೋ ಅಲುಗಾಡಿದ್ದಕ್ಕೆ ಮಾತ್ರ ಲೆನ್ಸ್ ಕಾರಣ, ಫೋಕಸ್ ಹಿಂದೆ ಬೀಳುತ್ತದೆ, ಕಾರ್ಖಾನೆಯಲ್ಲಿ ಸರಿಯಾಗಿ ಪರೀಕ್ಷೆ ಮಾಡಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಹಾಶಯರು ನೆಲ ಡೊಂಕು ಅಂತ ಸಾಧಿಸಲು ಇಟ್ಟಿಗೆ ಗೋಡೆಯ ಎದುರು ಟ್ರೈಪಾಡ್ ಹಾಕಿ ಪ್ರತಿ ಅಪರ್ಚರಿನಲ್ಲೂ ಒಂದೊಂದು ಚಿತ್ರ ತೆಗೆದು, ಮೂಲೆಯನ್ನು ನೂರಕ್ಕೆ ನೂರು ದೊಡ್ಡದು ಮಾಡಿ ಹಾಕುತ್ತಾರೆ. ಗೋಡೆ ಅಂದರೆ ಅವರಿಗೆ ಎಲ್ಲ ಕಡೆ ಪ್ರೀತಿ. ಗಡಿಯಲ್ಲೂ ಬೇಕು, ಲೆನ್ಸಿನ ಎದುರೂ ಬೇಕು.

ಕ್ಯಾಮೆರಾ ಮತ್ತು ಸ್ವಾತಂತ್ರ್ಯದ ವಿಷಯದಲ್ಲಿ ಮಹಾಶಯರ ನಿಲುವು ಯಾವಾಗಲೂ ಒಂದೇ, ಕ್ಯಾಮೆರಾ ಯಾರ ಕೈಯಲ್ಲಿದೆ ಅನ್ನುವುದನ್ನು ನೋಡಿಕೊಳ್ಳಬೇಕು ಅಷ್ಟೇ. ಬೀದಿ ಬೀದಿಗೆ ಪೊಲೀಸ್ ಕ್ಯಾಮೆರಾ ಹಾಕಿದಾಗ ‘ತಪ್ಪು ಮಾಡದವರಿಗೆ ಏನು ಭಯ’ ಅಂತ ಬರೆದಿದ್ದರು. ಒಂದು ದಿನ ಯಾವುದೋ ಕಟ್ಟಡದ ಎದುರು ಟ್ರೈಪಾಡ್ ಇಟ್ಟಾಗ ಕಾವಲುಗಾರ ಬಂದು ಇಲ್ಲಿ ಫೋಟೋ ತೆಗೆಯಬೇಡಿ ಸಾರ್ ಅಂದ. ಅಂದು ರಾತ್ರಿ ಮಹಾಶಯರು ಸ್ವಾತಂತ್ರ್ಯ ಹೋರಾಟಗಾರರಾದರು. ಪ್ರಜೆಯ ಹಕ್ಕು, ಅಧಿಕಾರದ ದರ್ಪ, ಪೊಲೀಸ್ ರಾಜ್ಯ, ಎಲ್ಲ ಬಂತು. ಹಿಂದಿನ ಲೇಖನದ ಲಿಂಕು ಮಾತ್ರ ಬರಲಿಲ್ಲ.

ಇಷ್ಟೆಲ್ಲ ನಕ್ಕ ಮೇಲೆ ಒಂದು ಮಾತು ಒಪ್ಪಬೇಕು. ಈ ಜನ ಒಮ್ಮೆ ನಿಜವಾಗಿ ಗೆದ್ದಿದ್ದರು. 2004ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಅಧ್ಯಕ್ಷ ಚುನಾವಣೆಯ ಹೊತ್ತಲ್ಲಿ, ಸಿಬಿಎಸ್ ವಾಹಿನಿ ಜಾರ್ಜ್ ಬುಷ್‌ರ ಹಳೆಯ ಸೇನಾ ಸೇವೆಯ ಬಗ್ಗೆ ಕೆಲವು ಕಾಗದಪತ್ರ ತೋರಿಸಿತು. 1970ರ ದಶಕದ ಶುರುವಿನವು ಅಂದಿತ್ತು. ಕೆಲವೇ ಗಂಟೆಯಲ್ಲಿ ಬಲಪಂಥದ ಬ್ಲಾಗಿಗರು ಅಕ್ಷರಗಳ ಆಕಾರ, ನಡುವಿನ ಜಾಗ ನೋಡಿ ಇದು ಟೈಪ್‌ರೈಟರಿನದ್ದಲ್ಲ ಅಂದರು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಹಾಗೇ ಟೈಪ್ ಮಾಡಿ, ಒಂದರ ಮೇಲೊಂದು ಇಟ್ಟು ತೋರಿಸಿದರು. ಎರಡು ವಾರದೊಳಗೆ ವಾಹಿನಿ, ಇವು ಅಸಲಿ ಅಂತ ಸಾಧಿಸಲು ನಮಗೆ ಆಗುವುದಿಲ್ಲ ಅಂತ ಒಪ್ಪಿಕೊಂಡಿತು. 2006ರಲ್ಲಿ ಇನ್ನೊಂದು. ಬೈರೂತ್ ಮೇಲಿನ ಬಾಂಬ್ ದಾಳಿಯ ಫೋಟೋದಲ್ಲಿ ಹೊಗೆಯ ಸುರುಳಿಗಳು ಒಂದರ ಹಾಗೆ ಒಂದಿದ್ದವು. ಫೋಟೋ ತಂತ್ರಾಂಶದಲ್ಲಿ ಹೊಗೆಯನ್ನು ನಕಲು ಮಾಡಿ ಹೆಚ್ಚಿಸಿದ್ದು. ಬ್ಲಾಗಿಗರು ಹಿಡಿದರು. ಆ ಫೋಟೋ ಹಂಚಿದ್ದ ರಾಯ್ಟರ್ಸ್ ಸುದ್ದಿಸಂಸ್ಥೆ ಆ ಫೋಟೋಗ್ರಾಫರನ 920 ಚಿತ್ರಗಳನ್ನು ತನ್ನ ಸಂಗ್ರಹದಿಂದ ತೆಗೆದುಹಾಕಿತು.

ಇದು ಸಣ್ಣ ಕೆಲಸವಲ್ಲ. ಸಂಬಳವಿಲ್ಲದ ಹವ್ಯಾಸಿಗಳು, ತಮಗೆ ಗೊತ್ತಿದ್ದ ಒಂದು ವಿಷಯವನ್ನು ಗಮನವಿಟ್ಟು ನೋಡಿ, ದೊಡ್ಡವರ ತಪ್ಪು ತೋರಿಸಿದರು. ಅಕ್ಷರ ಗೊತ್ತಿದ್ದವರು ಅಕ್ಷರ ನೋಡಿದರು, ಫೋಟೋ ಗೊತ್ತಿದ್ದವರು ಹೊಗೆ ನೋಡಿದರು. ಆದರೆ ಮಹಾಶಯರು ಇದರಿಂದ ಕಲಿತ ಪಾಠ ಬೇರೆ. ಆ ಎರಡರಲ್ಲೂ ಅವರ ಕೈ ಇರಲಿಲ್ಲ, ಓದಿ ಚಪ್ಪಾಳೆ ತಟ್ಟಿದ್ದರು ಅಷ್ಟೇ. ಆದರೂ ಅಂದಿನಿಂದ ತಾವೂ ಆ ದಂಡಿನವರೇ. ಅಂದು ಒಂದು ಕಡೆ ಹೊಗೆ ಸುಳ್ಳಾಗಿತ್ತು, ಹಾಗಾಗಿ ಇಂದು ಎಲ್ಲ ಕಡೆ ಹೊಗೆ ಸುಳ್ಳು. ತಮಗೆ ಹಿಡಿಸದ ಹೊಗೆ, ಅಂತ ಸೇರಿಸಿಕೊಳ್ಳಿ.

ಜನಸಂದಣಿಯ ಫೋಟೋ ವಿಷಯಕ್ಕೆ ಬಂದರೆ ಇದು ಚೆನ್ನಾಗಿ ಕಾಣುತ್ತದೆ. ಮಹಾಶಯರ ಕ್ಯಾಮೆರಾ ಬರಹಗಳಲ್ಲಿ ನನಗೆ ನಿಜಕ್ಕೂ ಇಷ್ಟವಾದದ್ದು ಒಂದಿದೆ. ದೂರ ನಿಂತು ಉದ್ದದ ಟೆಲಿ ಲೆನ್ಸಿನಲ್ಲಿ ತೆಗೆದರೆ ಹಿಂದೆ ಮುಂದೆ ಇರುವವರು ಅಂಟಿಕೊಂಡ ಹಾಗೆ ಯಾಕೆ ಕಾಣುತ್ತಾರೆ ಅಂತ ಅದರಲ್ಲಿ ಬಿಡಿಸಿ ಹೇಳಿದ್ದಾರೆ. ಅದು ಲೆನ್ಸಿನ ಮಾಯೆಯಲ್ಲ, ನಾವು ನಿಂತ ದೂರದ ಪರಿಣಾಮ. ಹತ್ತಿರ ನಿಂತರೆ ಮುಂದಿನವನು ಗುಡ್ಡದಷ್ಟು, ಹಿಂದಿನವನು ಬೆರಳಷ್ಟು ಕಾಣುತ್ತಾನೆ. ದೂರ ಹೋದರೆ ಇಬ್ಬರೂ ಹೆಚ್ಚು ಕಡಿಮೆ ಒಂದೇ ಗಾತ್ರ, ನಡುವಿನ ಖಾಲಿ ಜಾಗ ಕಾಣದಂತಾಗುತ್ತದೆ. ನೆಲಮಟ್ಟದಿಂದ ತೆಗೆದರೆ ಇನ್ನೂ ಜಾಸ್ತಿ. ಅದಕ್ಕೇ ಕೆಲವು ನೂರು ಜನರನ್ನು ಸಮುದ್ರದ ಹಾಗೆ ತೋರಿಸಬಹುದು, ಅದೇ ಜನರನ್ನು ಮೇಲಿಂದ ತೆಗೆದು ಚೆಲ್ಲಾಪಿಲ್ಲಿ ಮಾಡಬಹುದು. ಇಷ್ಟು ಚೆನ್ನಾಗಿ ಬರೆದ ಮನುಷ್ಯ ತಮ್ಮ ನಾಯಕನ ಸಭೆಯ ಫೋಟೋ ಹಾಕಿದಾಗ ಅದು ಯಾವುದು ಅಂತೀರಿ? ನೆಲಮಟ್ಟದಿಂದ, ಟೆಲಿ ಲೆನ್ಸಿನಲ್ಲಿ. ಶೀರ್ಷಿಕೆ ‘ಜನಸಾಗರ’. ಎದುರು ಪಕ್ಷದ್ದು? ಮೇಲಿಂದ, ಸಭೆ ಶುರುವಾಗುವ ಮುಂಚೆ, ಕುರ್ಚಿ ಜೋಡಿಸುತ್ತಿರುವ ಇಬ್ಬರ ಸಮೇತ.

2017ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಟ್ರಂಪ್ ಪ್ರಮಾಣವಚನ ತೆಗೆದುಕೊಂಡಾಗ, 2009ರ ಒಬಾಮಾ ಸಮಾರಂಭದ ಫೋಟೋವನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಎಲ್ಲರೂ ನೋಡಿದರು. ಎರಡೂ ಎತ್ತರದಿಂದ ತೆಗೆದದ್ದು, ಜಾಗವೂ ಅದೇ. ಒಂದರಲ್ಲಿ ಜನ ತುಂಬಿದ್ದರು, ಇನ್ನೊಂದರಲ್ಲಿ ಬಿಳಿ ನೆಲ ಕಾಣುತ್ತಿತ್ತು. ಶ್ವೇತಭವನದ ವಕ್ತಾರರು, ನೆಲಕ್ಕೆ ಬಿಳಿ ಹಾಸು ಹಾಕಿದ್ದು ಇದೇ ಮೊದಲು, ಅದಕ್ಕೇ ಖಾಲಿ ಜಾಗ ಎದ್ದು ಕಂಡಿದೆ ಅಂದರು. 2013ರಲ್ಲೂ ಹಾಸು ಹಾಕಿದ್ದರು ಅನ್ನುವುದು ಬೇರೆ ಮಾತು. ಮಹಾಶಯರು ಮಾತ್ರ ಸಡಗರದಿಂದ ಎಕ್ಸ್‌ಪೋಶರ್, ಡೈನಾಮಿಕ್ ರೇಂಜ್, ಬಿಳಿ ಬಣ್ಣ ಬೆಳಕನ್ನು ಹೇಗೆ ಚೆಲ್ಲುತ್ತದೆ ಅಂತೆಲ್ಲ ಪುಟಗಟ್ಟಲೆ ಬರೆದರು. ಅಷ್ಟೊಂದು ತಾಂತ್ರಿಕ ಜ್ಞಾನ ಇಟ್ಟುಕೊಂಡು ಎದುರಿಗಿದ್ದ ಖಾಲಿ ಜಾಗ ಕಾಣದಿರಬೇಕಾದರೆ ಸಾಧನೆ ಬೇಕು.

2024ರ ಆಗಸ್ಟಿನಲ್ಲಿ ಇದು ತಲೆಕೆಳಗಾಯಿತು. ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿ, ಟ್ರಂಪ್ ಎದುರು ಚುನಾವಣೆಗೆ ನಿಂತಿದ್ದ ಕಮಲಾ ಹ್ಯಾರಿಸ್ ಸಭೆಗೆ ಸಾವಿರಾರು ಜನ ಬಂದಿದ್ದರು, ಬೇರೆ ಬೇರೆಯವರು ತೆಗೆದ ವಿಡಿಯೋಗಳೂ ಇದ್ದವು. ಟ್ರಂಪ್ ಅದು ಎಐ ಮಾಡಿದ ಜನ ಅಂದರು. ಮಹಾಶಯರು ಕೂಡಲೇ ವಿಮಾನದ ಮೈಮೇಲೆ ಜನರ ಪ್ರತಿಬಿಂಬ ಯಾಕಿಲ್ಲ ಅಂತ ಅಳೆಯಲು ಕೂತರು. ಎದುರು ಬಣದಲ್ಲೂ ಇಂಥ ಮಹಾಶಯರಿದ್ದಾರೆ, ಅವರು ನೆರಳಿನ ಕೋನ ಅಳೆಯುತ್ತಿರುತ್ತಾರೆ. ಸದ್ಯ ಇವರ ಸರದಿ.

‘ನಾನು ರಾ ಫೈಲ್ ಮಾತ್ರ ನಂಬುತ್ತೇನೆ, ಅದು ಸತ್ಯ, ಜೆಪೆಗ್ ಅಭಿಪ್ರಾಯ’ ಅನ್ನುವುದು ಮಹಾಶಯರ ಬ್ಲಾಗಿನ ನೆತ್ತಿಯಲ್ಲಿರುವ ವಾಕ್ಯ. ರಾ ಅಂದರೆ ಸೆನ್ಸರ್ ಹಿಡಿದ ಕಚ್ಚಾ ಮಾಹಿತಿ, ಜೆಪೆಗ್ ಅಂದರೆ ಅದನ್ನು ಸಂಸ್ಕರಿಸಿ ಮಾಡಿದ ಚಿತ್ರ. ಕೇಳಲು ಗತ್ತಾಗಿದೆ. ಆದರೆ ಸಾಮಾನ್ಯ ಸೆನ್ಸರಿನ ಒಂದೊಂದು ಚುಕ್ಕೆಗೂ ಕಾಣುವುದು ಒಂದೇ ಬಣ್ಣ. ಅರ್ಧ ಚುಕ್ಕೆಗಳಿಗೆ ಹಸಿರು, ಕಾಲು ಭಾಗಕ್ಕೆ ಕೆಂಪು, ಕಾಲು ಭಾಗಕ್ಕೆ ನೀಲಿ. ಕೊಡಾಕ್‌ನ ಬ್ರೈಸ್ ಬೇಯರ್ ಮಾಡಿದ ಜೋಡಣೆ, 1976ರ ಪೇಟೆಂಟು. ಉಳಿದ ಎರಡು ಬಣ್ಣವನ್ನು ಆಮೇಲೆ ಅಕ್ಕಪಕ್ಕದ ಚುಕ್ಕೆ ನೋಡಿ ಲೆಕ್ಕ ಹಾಕುತ್ತಾರೆ. ಒಂದು ಕಂಡದ್ದು, ಎರಡು ಪಕ್ಕದವರಿಂದ ಊಹಿಸಿದ್ದು. ಮಹಾಶಯರ ರಾಜಕೀಯ ಲೇಖನಗಳನ್ನು ಓದುತ್ತಾ ಬಂದವರಿಗೆ ಈ ಅನುಪಾತ ಸ್ವಲ್ಪ ಉದಾರ ಅನ್ನಿಸಬಹುದು.

ಇನ್ನು ಬ್ಲಾಗು. ಅಲ್ಲೂ ಅದೇ ಸತ್ಯಯುಗ. 1999ರಲ್ಲಿ ಬ್ಲಾಗರ್ ಸೇವೆ ಬಂದಾಗ, ಯಾರು ಬೇಕಾದರೂ ಏನು ಬೇಕಾದರೂ ಬರೆಯುತ್ತಾರಲ್ಲ, ಸಂಪಾದಕರೇ ಇಲ್ಲವಲ್ಲ ಅಂತ ಮೂಗು ಮುರಿದವರು ಆ ಕಾಲದ ಸಂಪ್ರದಾಯವಾದಿಗಳು. ಈಗ ಅದೇ ಮಾತನ್ನು ಮಹಾಶಯರು ವಿಡಿಯೋ ಮಾಡುವ ಹುಡುಗರ ಬಗ್ಗೆ ಹೇಳುತ್ತಾರೆ. ಬ್ಲಾಗುಗಳನ್ನೆಲ್ಲ ಒಂದೇ ಕಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈಯಲ್ಲಿ ಮುಚ್ಚಿದ್ದೇ ಪಾಶ್ಚಾತ್ಯ ಚಿಂತನೆಯ ಕೊನೆಯ ದಿನ ಅಂತ ಅವರ ನಂಬಿಕೆ. ಅದಾದ ಮೇಲಿನ ಅವರ ಪೋಸ್ಟುಗಳಲ್ಲಿ ಅರ್ಧ ‘ಬಹಳ ದಿನದಿಂದ ಬರೆಯಲಾಗಲಿಲ್ಲ, ಕ್ಷಮಿಸಿ’ ಅಂತ ಶುರುವಾಗುತ್ತವೆ. ಕ್ಷಮಿಸಬೇಕಾದವರು ಯಾರು ಅಂತ ಗೊತ್ತಿಲ್ಲ. ಬರುವವರಲ್ಲಿ ಹೆಚ್ಚಿನವರು ಸರ್ಚ್ ಎಂಜಿನಿನ ಬಾಟ್‌ಗಳು, ಅವಕ್ಕೆ ಬೇಜಾರಿಲ್ಲ. ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಇರುವ ಪೋಸ್ಟಿನಲ್ಲಿ ಕಾಮೆಂಟು ಮುಚ್ಚಿದೆ. ‘ಇದು ನನ್ನ ಮನೆ, ಯಾರನ್ನು ಒಳಗೆ ಬಿಡಬೇಕು ಅನ್ನುವುದು ನನ್ನಿಷ್ಟ’ ಅಂತ ಕೆಳಗೆ ಬರೆದಿದ್ದಾರೆ. ದೊಡ್ಡ ಕಂಪನಿಯೊಂದು ತನ್ನ ಜಾಗದಿಂದ ಅವರ ಒಂದು ಪೋಸ್ಟು ತೆಗೆದಾಗ ಅದೂ ಇದೇ ಮಾತು ಹೇಳಿತ್ತು. ಅಂದು ಮಹಾಶಯರು ಅದಕ್ಕೆ ಸೆನ್ಸಾರ್‌ಶಿಪ್ ಅಂದಿದ್ದರು.

ಈಗ ಹೊಸ ಶತ್ರು ಎಐ. ಯಂತ್ರ ಮಾಡಿದ ಚಿತ್ರಗಳಿಂದ ಪ್ರಜಾಪ್ರಭುತ್ವಕ್ಕೆ ಕುತ್ತು, ಚಿತ್ರಕ್ಕೆ ಮನುಷ್ಯನ ಕಣ್ಣು ಬೇಕು, ಯಂತ್ರಕ್ಕೆ ನೋಡಲು ಬಿಡಬಾರದು ಅಂತ ಮೊನ್ನೆ ದೊಡ್ಡ ಪೋಸ್ಟು ಬಂತು. ಅದರಲ್ಲಿ ನ್ಯಾಯವಾದ ಭಯವೂ ಇದೆ, ಇಲ್ಲ ಅನ್ನುವುದಿಲ್ಲ. ಪೋಸ್ಟಿನ ಕೊನೆಗೆ ಅವರೇ ತೆಗೆದ ಒಂದು ಮಿಂಚುಳ್ಳಿಯ ಚಿತ್ರ. ನೀರಿಗೆ ಧುಮುಕುವ ಹೊತ್ತಿನದ್ದು, ಕಣ್ಣು ಸೂಜಿಮೊನೆಯಷ್ಟು ಸ್ಪಷ್ಟ. ಕ್ಯಾಮೆರಾದ ವಿವರ ಕೆಳಗೆ ತಾನಾಗಿ ಬಂದಿದೆ: ಮಿರರ್‌ಲೆಸ್ (ಅದೇ, ಕನ್ನಡಿ ಇಲ್ಲದ್ದು), ಎರಡು ವರ್ಷ ಹಳೆಯ ಮಾಡೆಲ್, ಯಂತ್ರ ಕಲಿಕೆಯಿಂದ ಹಕ್ಕಿಯ ಕಣ್ಣು ಹುಡುಕಿ ಫೋಕಸ್ ಮಾಡುವಂಥದ್ದು. ಯಾವಾಗ ಕೊಂಡರು ಅಂತ ಒಬ್ಬರು ಕೇಳಿದ್ದರು. ಕಾಮೆಂಟು ಮಾಯವಾಗುವ ಮೊದಲು ನಾನು ನೋಡಿದೆ. ಆ ಕ್ಯಾಮೆರಾದ ಮುಂದಿನ ಮಾಡೆಲ್ ಬಿಡುಗಡೆಯಾದ ದಿನ ಮಹಾಶಯರು ಬರೆದ ಪೋಸ್ಟು ಈಗ ಮೊದಲ ಪುಟದಲ್ಲಿದೆ: ‘ಇನ್ನು ಸಾಕು, ಛಾಯಾಗ್ರಹಣ ಇಲ್ಲಿಗೇ ನಿಲ್ಲಲಿ.’